ಹಲ್ಲಿನ ಕ್ಲಿನಿಕ್ ವೆಬ್‌ಸೈಟಿಗೆ ದುಡ್ಡು ಕೊಟ್ಟು ಲಿಂಕ್: ನಾನು ಅನುಸರಿಸುವ ಕ್ರಮ

ಹಲ್ಲಿನ ಕ್ಲಿನಿಕ್‌ನ ವೆಬ್‌ಸೈಟ್ ಕೈಗೆ ಬಂದ ಕೂಡಲೇ ನಾನು ಬೇರೆ ಸೈಟುಗಳಿಂದ ಅದಕ್ಕೆ ಲಿಂಕ್ ಕೊಳ್ಳಲು ಹೊರಡುವುದಿಲ್ಲ. ಗೂಗಲ್ ಹುಡುಕಾಟದಲ್ಲಿ ಅದು ಎಲ್ಲಿ ಹಿಂದೆ ಬಿದ್ದಿದೆ ಎಂಬುದನ್ನು ಮೊದಲು ಬಿಡಿಸಿ ನೋಡುತ್ತೇನೆ. ‘ಹತ್ತಿರದ ಹಲ್ಲಿನ ಡಾಕ್ಟರ್’ ಎಂದು ಹುಡುಕಿದರೆ ಮ್ಯಾಪ್ ಜೊತೆ ಮೂರು ಹೆಸರು ಬರುತ್ತವೆ, ಅದರ ಕೆಳಗೆ ಮಾಮೂಲಿ ಫಲಿತಾಂಶಗಳ ಸಾಲು. ಇವೆರಡರ ಲೆಕ್ಕ ಬೇರೆ ಬೇರೆ. ಮ್ಯಾಪ್ ಭಾಗಕ್ಕೆ ಗೂಗಲ್ ಹೇಳಿರುವ ಅಳತೆಗೋಲು ಮೂರು: ಹುಡುಕಿದ್ದಕ್ಕೆ ಹೊಂದಿಕೆ, ದೂರ, ಹೆಸರುವಾಸಿ. ದೂರವನ್ನು ಯಾವ ಲಿಂಕೂ ಕಡಿಮೆ ಮಾಡದು. ಹೆಸರುವಾಸಿಯಲ್ಲಿ ಲಿಂಕಿಗೆ ಪಾಲಿದೆ, ರಿವ್ಯೂಗಳಿಗೂ ಇದೆ. ಬಿಸಿನೆಸ್ ಪ್ರೊಫೈಲ್‌ನಲ್ಲಿ ಮುಖ್ಯ ವರ್ಗವೇ ತಪ್ಪಾಗಿದ್ದರೆ, ಫೋನ್ ನಂಬರ್ ಒಂದೊಂದು ಡೈರೆಕ್ಟರಿಯಲ್ಲಿ ಒಂದೊಂದು ಬಗೆ ಇದ್ದರೆ, ಮೊದಲು ಸರಿಮಾಡಬೇಕಾದ್ದು ಅದನ್ನು. ಅದಕ್ಕೆ ಖರ್ಚೂ ಇಲ್ಲ.

ಇಲ್ಲೊಂದು ಭ್ರಮೆಯ ಬಗ್ಗೆ ಹೇಳಲೇಬೇಕು. ಡಾಕ್ಟರು ಕ್ಲಿನಿಕ್‌ನಲ್ಲೇ ಕೂತು ತಮ್ಮ ಫೋನಿನಲ್ಲಿ ಹುಡುಕಿದರೆ ತಮ್ಮ ಕ್ಲಿನಿಕ್ಕೇ ಮೊದಲು ಕಾಣುವುದು ಸಹಜ. ದೂರ ಸೊನ್ನೆಯಾಗಿರುವ ಜಾಗ ಅದು. ಹಾಗಾಗಿ ಒಂದು, ಮೂರು, ಐದು ಕಿಲೋಮೀಟರ್ ದೂರದ ಬಿಂದುಗಳಿಂದ ಅದೇ ಪದಗಳನ್ನು ಹುಡುಕಿದ ಫಲಿತಾಂಶ ಬರೆದಿಟ್ಟುಕೊಳ್ಳುತ್ತೇನೆ. ಮುಂದೆ ಏನು ಬದಲಾಯಿತು ಎಂದು ಹೇಳಲು ಈ ಪಟ್ಟಿ ಇಲ್ಲದಿದ್ದರೆ ಎಲ್ಲವೂ ಊಹೆಯೇ.

ಎರಡನೆಯ ತಪಾಸಣೆ ಪುಟಗಳದು. ‘ನಮ್ಮ ಸೇವೆಗಳು’ ಎಂಬ ಒಂದೇ ಪುಟದಲ್ಲಿ ರೂಟ್ ಕೆನಾಲ್, ಇಂಪ್ಲಾಂಟ್, ಹಲ್ಲಿನ ಕ್ಲಿಪ್, ಮಕ್ಕಳ ಹಲ್ಲು ಎಲ್ಲಕ್ಕೂ ಎರಡೆರಡು ಸಾಲು ಬರೆದಿಟ್ಟ ಸೈಟಿಗೆ ಲಿಂಕ್ ತಂದರೂ ಅದನ್ನು ಎಲ್ಲಿಗೆ ಜೋಡಿಸುವುದು? ಕಡಲೆ ಇದೆ, ಹಲ್ಲಿಲ್ಲ ಎಂಬ ಸ್ಥಿತಿ. ಒಂದೊಂದು ಚಿಕಿತ್ಸೆಗೆ ಒಂದೊಂದು ಪುಟ ಮಾಡಿಸುತ್ತೇನೆ. ಇಂಪ್ಲಾಂಟ್ ಪುಟವಾದರೆ ಸ್ಕ್ಯಾನ್‌ನಿಂದ ಹಿಡಿದು ಕ್ರೌನ್ ಕೂರಿಸುವವರೆಗಿನ ಹಂತಗಳು, ಮೂಳೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಹಿಡಿಯುತ್ತದೆಂಬ ಮಾಹಿತಿ, ಯಾರಿಗೆ ಇದು ಆಗಿಬರುವುದಿಲ್ಲ, ಚಿಕಿತ್ಸೆ ಮಾಡುವವರ ಹೆಸರು ಮತ್ತು ಅರ್ಹತೆ. ಆರೋಗ್ಯದ ವಿಷಯದ ಪುಟಗಳನ್ನು ಗೂಗಲ್ ಹೆಚ್ಚು ಬಿಗಿಯಾಗಿ ಅಳೆಯುತ್ತದೆ. ಬರೆದವರಾರೆಂದು ತಿಳಿಯದ ಪುಟವನ್ನು ಲಿಂಕಿನ ಬಲದಿಂದ ಎತ್ತಿ ನಿಲ್ಲಿಸುವುದು ಕಷ್ಟ.

ಇಷ್ಟಾದ ಮೇಲೆ ಲಿಂಕಿನ ಮಾತು. ನಿಯಮ ಸ್ಪಷ್ಟವಾಗಿದೆ. ರ‍್ಯಾಂಕಿಂಗ್ (ಹುಡುಕಾಟದಲ್ಲಿ ಸಿಗುವ ಸ್ಥಾನ) ಏರಿಸುವ ಉದ್ದೇಶದಿಂದ ಲಿಂಕನ್ನು ಕೊಳ್ಳುವುದು, ಮಾರುವುದು ಎರಡೂ ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ. ದುಡ್ಡು ಕೊಟ್ಟ ಲಿಂಕಿಗೆ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಗುರುತು (ಈ ಲಿಂಕನ್ನು ಸ್ಥಾನದ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಕೋಡಿನಲ್ಲಿ ಹೇಳುವುದು) ಇದ್ದರೆ ತಕರಾರಿಲ್ಲ, ಅದು ಜಾಹೀರಾತು. ನೋಫಾಲೋ 2005ರಿಂದ ಇದೆ, ಸ್ಪಾನ್ಸರ್ಡ್ ಗುರುತು ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ನಿಯಮ ಎಷ್ಟು ಗಂಭೀರ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಗೂಗಲ್‌ನದೇ: ಕ್ರೋಮ್ ಬ್ರೌಸರ್ ಪ್ರಚಾರಕ್ಕೆ ಬರೆಸಿದ ಪೋಸ್ಟಿನಲ್ಲಿ ಗುರುತಿಲ್ಲದ ಲಿಂಕ್ ಸಿಕ್ಕಿದಾಗ, 2012ರ ಜನವರಿಯಲ್ಲಿ ಕಂಪನಿ ತನ್ನದೇ ಕ್ರೋಮ್ ಪುಟವನ್ನು ಕನಿಷ್ಠ 60 ದಿನ ಫಲಿತಾಂಶದಲ್ಲಿ ಹಿಂದಕ್ಕೆ ತಳ್ಳಿತು.

ಆದರೆ ಈಗ ಶಿಕ್ಷೆಗಿಂತ ಹೆಚ್ಚಾಗಿ ಆಗುವುದು ಇನ್ನೊಂದು. 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಎಂಬ ಗೂಗಲ್ ಅಪ್‌ಡೇಟ್ ಇಂಥ ಸೈಟನ್ನೇ ಕೆಳಗೆ ಇಳಿಸುತ್ತಿತ್ತು. 2016ರ ಸೆಪ್ಟೆಂಬರ್‌ನಿಂದ ಅದು ಮುಖ್ಯ ಅಲ್ಗಾರಿದಮ್‌ನ ಭಾಗವಾಗಿ, ಕೆಟ್ಟ ಲಿಂಕಿನ ಬೆಲೆಯನ್ನಷ್ಟೇ ಸೊನ್ನೆ ಮಾಡುವ ಕಡೆಗೆ ವಾಲಿತು. 2022ರ ಡಿಸೆಂಬರ್‌ನಲ್ಲಿ ಸ್ಪ್ಯಾಮ್‌ಬ್ರೇನ್ ಎಂಬ ವ್ಯವಸ್ಥೆಯನ್ನು ಕೊಂಡ ಲಿಂಕುಗಳ ಪತ್ತೆಗೂ ಹಚ್ಚಿದರು. ಲಿಂಕ್ ಅಲ್ಲೇ ಇರುತ್ತದೆ, ಟೂಲ್‌ಗಳಲ್ಲಿ ಎಣಿಕೆಗೂ ಬರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಯಾವ ನೋಟಿಸೂ ಬರುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ದುಡ್ಡು ಹರಿದುಹೋದದ್ದು ಗೊತ್ತಾಗಲು ಆರು ತಿಂಗಳು ಬೇಕು.

ಹಾಗಾಗಿ ನನ್ನ ಲೆಕ್ಕ ಇಷ್ಟೆ: ಗುರುತು ಹಾಕಿಸಿ, ಅದರಿಂದ ರ‍್ಯಾಂಕ್ ನೇರವಾಗಿ ಏರುತ್ತದೆ ಎಂದು ಭಾವಿಸದೆ, ಆ ಪುಟವನ್ನು ಜನ ಓದುತ್ತಾರೆಯೇ ಎಂದಷ್ಟೇ ನೋಡಿ ಜಾಗ ಕೊಳ್ಳುವುದು. ಓದುಗರು ಬಂದರೆ ಕ್ಲಿನಿಕ್‌ನ ಹೆಸರಿನಿಂದಲೇ ಹುಡುಕುವವರು ಹೆಚ್ಚುತ್ತಾರೆ, ಕೆಲವರು ತಾವಾಗಿಯೇ ಬೇರೆಡೆ ಲಿಂಕ್ ಕೊಡುತ್ತಾರೆ. ಆ ಎರಡನೆಯ ಸುತ್ತಿನ ಲಿಂಕುಗಳೇ ರ‍್ಯಾಂಕಿಂಗ್‌ಗೆ ದಕ್ಕುವುದು.

ಜಾಗ ಆರಿಸುವುದರಲ್ಲಿಯೇ ಹೆಚ್ಚು ಹೊತ್ತು ಹೋಗುತ್ತದೆ. ಮಾರುವವರು ಮೊದಲು ತೋರಿಸುವುದು ಡಿಎ, ಡಿಆರ್ ಅಂಕಿಗಳನ್ನು. ಸೈಟು ಎಷ್ಟು ಬಲವಾಗಿದೆ ಎಂಬುದಕ್ಕೆ ಡಿಎ ಮಾಜ್ ಕಂಪನಿಯ ಅಂದಾಜು, ಡಿಆರ್ ಏಎಚ್‌ರೆಫ್ಸ್ ಕಂಪನಿಯದು. ಗೂಗಲ್‌ಗೂ ಅವಕ್ಕೂ ಸಂಬಂಧವಿಲ್ಲ. ಹಳೆಯ ಡೊಮೈನುಗಳಿಂದ (ಸೈಟಿನ ಹೆಸರುಗಳಿಂದ) ರೀಡೈರೆಕ್ಟ್ ಹಾಯಿಸಿದರೆ, ಅಂದರೆ ಅಲ್ಲಿಗೆ ಬಂದವರನ್ನು ತಾನಾಗಿ ಇಲ್ಲಿಗೆ ಕಳಿಸಿದರೆ, ಡಿಆರ್ ಉಬ್ಬುತ್ತದೆ. ಆದ್ದರಿಂದ ಅಂಕಿ ಬದಿಗಿಟ್ಟು ಸೈಟಿಗೆ ಬರುವ ಜನ ಯಾವ ಪದ ಹುಡುಕಿ ಬರುತ್ತಾರೆಂದು ನೋಡುತ್ತೇನೆ. ಆರೋಗ್ಯ ಪತ್ರಿಕೆ ಎಂದು ಹೇಳಿಕೊಳ್ಳುವ ಸೈಟಿಗೆ ಎಲ್ಲ ಓದುಗರೂ ಸಿನಿಮಾ ತಾರೆಯ ವಯಸ್ಸು ಹುಡುಕಿ ಬರುತ್ತಿದ್ದರೆ ಅಲ್ಲಿ ಹಲ್ಲುನೋವಿನವರು ಸಿಗುವುದಿಲ್ಲ. ಟ್ರಾಫಿಕ್ ಗೆರೆ ಯಾವುದೋ ಒಂದು ತಿಂಗಳಲ್ಲಿ ದಿಢೀರನೆ ನೆಲಕ್ಕೆ ಬಿದ್ದಿದ್ದರೆ ಆ ಸೈಟಿಗೇ ಏಟು ಬಿದ್ದಿದೆ ಎಂದರ್ಥ. ನಂತರ ಹಳೆಯ ವೆಬ್‌ಪುಟಗಳ ಸಂಗ್ರಹವಾದ ವೇಬ್ಯಾಕ್ ಮೆಷಿನ್‌ನಲ್ಲಿ ಹಿಂದಿನ ವರ್ಷಗಳ ರೂಪ: ಒಂದು ಕಾಲಕ್ಕೆ ಶಾಲೆಯದೋ ಸಂಗೀತ ತಂಡದ್ದೋ ಆಗಿದ್ದ ಡೊಮೈನು ಮಧ್ಯೆ ಒಂದು ವರ್ಷ ಖಾಲಿ ಇದ್ದು ಈಗ ‘ಹೆಲ್ತ್ ಬ್ಲಾಗ್’ ಆಗಿದ್ದರೆ, ಅದು ಹರಾಜಿನಲ್ಲಿ ಕೊಂಡ ಹಳೆ ಡೊಮೈನು. 2024ರ ಮಾರ್ಚ್‌ನಲ್ಲಿ ಗೂಗಲ್ ಇಂಥ ಡೊಮೈನುಗಳ ದುರ್ಬಳಕೆಯನ್ನೂ ಸ್ಪ್ಯಾಮ್ ಪಟ್ಟಿಗೆ ಸೇರಿಸಿತು.

ಆಮೇಲೆ ಆ ಸೈಟಿನ ಇತ್ತೀಚಿನ 20 ಲೇಖನಗಳನ್ನು ತೆರೆದು, ಅವುಗಳಿಂದ ಹೊರಗೆ ಹೋಗುವ ಲಿಂಕುಗಳನ್ನು ಒಂದೊಂದಾಗಿ ನೋಡುತ್ತೇನೆ. ಕ್ಯಾಸಿನೊ, ದಿಢೀರ್ ಸಾಲ, ಕ್ರಿಪ್ಟೊ, ನಡುವೆ ಒಂದು ಹಲ್ಲಿನ ಕ್ಲಿನಿಕ್. ಇಂಥ ನೆರೆಹೊರೆ ಕಂಡರೆ ಅಲ್ಲಿಗೇ ಮುಗಿಯಿತು. ಮಾರುವವರು 50 ಸೈಟುಗಳ ಬೆಲೆಪಟ್ಟಿ ಕಳಿಸಿದರೆ ಹತ್ತನ್ನು ಆರಿಸಿ ಅವುಗಳ ಹೋಸ್ಟಿಂಗ್, ನೇಮ್‌ಸರ್ವರ್, ಥೀಮ್, ‘ನಮ್ಮ ಬಗ್ಗೆ’ ಪುಟದ ಒಕ್ಕಣೆ ಹೋಲಿಸಿ. ಒಂದೇ ಕೈಯ ಅಡುಗೆ ಎಂದು ಬೇಗ ಗೊತ್ತಾಗುತ್ತದೆ. ಇಂಥ ಖಾಸಗಿ ಜಾಲದಲ್ಲಿ ಒಂದು ಸೈಟ್ ಸಿಕ್ಕಿಬಿದ್ದರೆ ಉಳಿದವೂ ಕಳಚಿಕೊಳ್ಳುತ್ತವೆ.

ಇಷ್ಟರಲ್ಲಿ ಪಾಸಾಗುವುದು ಸಾಮಾನ್ಯವಾಗಿ ಬೆರಳೆಣಿಕೆ: ಊರಿನ ಸುದ್ದಿ ಸೈಟು, ಪೋಷಕರ ಪತ್ರಿಕೆ, ಶಾಲೆ ಅಥವಾ ಕ್ರೀಡಾ ಸಂಘದ ಪ್ರಾಯೋಜಕರ ಪುಟ. ಇವುಗಳ ಡಿಆರ್ ಚಿಕ್ಕದು. ಮೌತ್‌ಗಾರ್ಡ್ ಬೇಕಾದ ಆಟಗಾರರು, ಮಗುವಿನ ಹಾಲುಹಲ್ಲಿನ ಚಿಂತೆಯ ತಾಯಂದಿರು ಇರುವುದು ಮಾತ್ರ ಅಲ್ಲೇ.

ಆರ್ಡರ್ ಕೊಡುವಾಗ ಬರಹದಲ್ಲಿ ಒಪ್ಪಿಸಿಕೊಳ್ಳುವ ಅಂಶಗಳಿವೆ. ಲೇಖನಕ್ಕೆ ‘ಪ್ರಾಯೋಜಿತ’ ಎಂಬ ಪಟ್ಟಿ, ಲಿಂಕಿನ ಕೋಡಿನಲ್ಲಿ ಸ್ಪಾನ್ಸರ್ಡ್ ಗುರುತು, ಪುಟ ಎಷ್ಟು ಕಾಲ ಉಳಿಯುತ್ತದೆ, ಮುಖಪುಟದಿಂದಲೋ ವಿಭಾಗದ ಪುಟದಿಂದಲೋ ಅದಕ್ಕೆ ದಾರಿ ಇದೆಯೇ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಯಾವ ಮೆನುವಿನಿಂದಲೂ ತಲುಪಲಾಗದ ಅನಾಥ ಪುಟವನ್ನು ಓದುಗರೂ ನೋಡರು, ಪುಟಗಳನ್ನು ಓದಿಹೋಗುವ ಗೂಗಲ್‌ನ ಪ್ರೋಗ್ರಾಂ ಗೂಗಲ್‌ಬಾಟ್ ಕೂಡ ಅಪರೂಪಕ್ಕೆ ಬರುತ್ತದೆ. ಜೊತೆಗೆ ದಂತವೈದ್ಯರ ಜಾಹೀರಾತಿಗೆ ಆಯಾ ದೇಶದ ವೃತ್ತಿ ಮಂಡಳಿಯ ಕಟ್ಟುಪಾಡುಗಳಿರುತ್ತವೆ; ‘ನೋವೇ ಇಲ್ಲದ’, ‘ನಂಬರ್ ಒನ್’ ಎಂಬ ಮಾತುಗಳನ್ನು ಬರಹಗಾರರು ಸೇರಿಸಿದರೆ ತೆಗೆಸಿ.

ಆಂಕರ್ ಪಠ್ಯಕ್ಕೆ, ಅಂದರೆ ಒತ್ತಿದರೆ ಲಿಂಕ್ ತೆರೆಯುವ ಪದಗಳಿಗೆ, ಕ್ಲಿನಿಕ್‌ನ ಹೆಸರು, ಡಾಕ್ಟರ ಹೆಸರು ಅಥವಾ ಬರೀ ವಿಳಾಸ ಕೊಡುತ್ತೇನೆ. ಹತ್ತು ಸೈಟುಗಳಲ್ಲಿ ‘ಕಡಿಮೆ ದರದ ಹಲ್ಲಿನ ಇಂಪ್ಲಾಂಟ್’ ಎಂಬ ಒಂದೇ ಪದಗುಚ್ಛ ಕಾಣಿಸುವುದು ಕೊಂಡ ಲಿಂಕಿನ ಹೆಬ್ಬೆಟ್ಟಿನ ಗುರುತು. ತಾನಾಗಿ ಲಿಂಕ್ ಕೊಡುವ ಯಾರೂ ಹಾಗೆ ಬರೆಯುವುದಿಲ್ಲ. ಲಿಂಕ್ ಮುಖಪುಟಕ್ಕಲ್ಲ, ಲೇಖನದ ವಿಷಯಕ್ಕೆ ಸಂಬಂಧಿಸಿದ ಚಿಕಿತ್ಸೆಯ ಪುಟಕ್ಕೆ. ಎಷ್ಟು ಜನ ಬಂದರೆಂದು ಎಣಿಸಲು ವಿಳಾಸದ ಕೊನೆಗೆ, ಎಲ್ಲಿಂದ ಬಂದರೆಂದು ತಿಳಿಸುವ ಯುಟಿಎಂ ಬಾಲ ಸೇರಿಸುತ್ತೇನೆ. ಹಾಗೆ ಮಾಡುವಾಗ ಆ ಪುಟದ ಅಸಲಿ ವಿಳಾಸ ಯಾವುದೆಂದು ಗೂಗಲ್‌ಗೆ ಹೇಳುವ ಕೆನಾನಿಕಲ್ ಟ್ಯಾಗ್ ಬಾಲವಿಲ್ಲದ ವಿಳಾಸವನ್ನೇ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಒಂದೇ ಪುಟ ಎರಡಾಗಿ ಎಣಿಕೆಯಾಗುತ್ತದೆ.

ಪ್ರಕಟವಾದ ದಿನ ಪುಟದ ಸೋರ್ಸ್ ತೆರೆದು ಗುರುತು ಇದೆಯೇ, ಪುಟವನ್ನು ಫಲಿತಾಂಶದಲ್ಲಿ ತೋರಿಸಬೇಡಿ ಎನ್ನುವ ‘ನೋಇಂಡೆಕ್ಸ್’ ಕದ್ದು ಕೂತಿದೆಯೇ ನೋಡುತ್ತೇನೆ. ಎರಡು ವಾರದ ಮೇಲೆ ಲೇಖನದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿದಾಗ ಸಿಗದಿದ್ದರೆ ಪ್ರಕಾಶಕರನ್ನು ಕೇಳುವುದು. ತಿಂಗಳ ಬಾಡಿಗೆಯ ಲಿಂಕುಗಳನ್ನು ಮುಟ್ಟುವುದಿಲ್ಲ; ಬಾಡಿಗೆ ನಿಂತ ದಿನ ಲಿಂಕೂ ಹೋಗುತ್ತದೆ.

ಅಳೆಯುವುದು, ಗೂಗಲ್ ಸೈಟಿನ ಮಾಲೀಕರಿಗೆ ಕೊಡುವ ಟೂಲಾದ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ, ಒಂದು ಪುಟಕ್ಕೆ ಫಿಲ್ಟರ್ ಹಾಕಿ. ಅಲ್ಲಿ 16 ತಿಂಗಳ ಮಾಹಿತಿ ಸಿಗುವುದರಿಂದ ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಹೋಲಿಸಬಹುದು. ಶಾಲೆಗೆ ರಜೆ ಬಂದಾಗ ಮಕ್ಕಳ ಹಲ್ಲಿನ ಹುಡುಕಾಟ ಏರುವುದನ್ನು ಲಿಂಕಿನ ಸಾಧನೆ ಎಂದು ಬರೆದುಕೊಳ್ಳುವ ತಪ್ಪು ಹೀಗೆ ತಪ್ಪುತ್ತದೆ. ಲಿಂಕ್ ಬಂದ ನಂತರ ಎಂಟು ವಾರ ಆ ಪುಟದ ಶೀರ್ಷಿಕೆ, ಪಠ್ಯ ಮುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಲಸ ಮಾಡಿದ್ದು ಯಾವುದೆಂದು ಹೇಳಲಾಗದು.

ಹಿಂದೆ ಬೇರೆ ಯಾರೋ ಸಗಟಾಗಿ ಲಿಂಕ್ ಕೊಂಡಿಟ್ಟ ಸೈಟು ಬಂದರೆ ಕೆಲಸ ಬೇರೆ. ಮೊದಲು ಸರ್ಚ್ ಕನ್ಸೋಲ್‌ನ ಮ್ಯಾನ್ಯುಯಲ್ ಆ್ಯಕ್ಷನ್ಸ್ ಪುಟ; ಗೂಗಲ್‌ನ ಸಿಬ್ಬಂದಿ ಶಿಕ್ಷೆ ಕೊಟ್ಟಿದ್ದರೆ ಅಲ್ಲಿ ಕಾಣುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಹೆಚ್ಚಿನ ಕಸವನ್ನು ಗೂಗಲ್ ತಾನೇ ಕಡೆಗಣಿಸಿರುತ್ತದೆ. ಗಾಬರಿಯಿಂದ ಡಿಸ್‌ಅವೌ ಫೈಲ್ (ಈ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಕೊಡುವ ಪಟ್ಟಿ) ಏರಿಸಿದರೆ ಒಳ್ಳೆಯ ಲಿಂಕೂ ಜೊತೆಗೆ ಕತ್ತರಿಸಿಹೋಗುವ ಅಪಾಯವೇ ಹೆಚ್ಚು. ‘ಅಸಹಜ ಲಿಂಕುಗಳು’ ಎಂಬ ನೋಟಿಸ್ ಇದ್ದರೆ ಮಾತ್ರ ಲಿಂಕ್ಸ್ ವರದಿ ಇಳಿಸಿಕೊಂಡು, ಸೈಟುಗಳಿಗೆ ಬರೆದು ತೆಗೆಸಲು ಯತ್ನಿಸಿ, ಯಾರಿಗೆ ಯಾವ ದಿನ ಬರೆದೆ, ಏನು ಉತ್ತರ ಬಂತು ಎಂದು ಶೀಟಿನಲ್ಲಿ ದಾಖಲಿಸುತ್ತೇನೆ. ತೆಗೆಯಲು ದುಡ್ಡು ಕೇಳುವವರೂ ಇದ್ದಾರೆ. ಅಂಥವರಿಗೆ ಕೊಡುವುದಿಲ್ಲ, ಆ ಸೈಟಿನ ಹೆಸರು ನೇರ ಡಿಸ್‌ಅವೌ ಫೈಲಿಗೆ.

ಆ ಫೈಲು ಯುಟಿಎಫ್-8 ಎನ್‌ಕೋಡಿಂಗ್‌ನ ಸಾದಾ ಟೆಕ್ಸ್ಟ್ ಆಗಿರಬೇಕು, ಸಾಲಿಗೊಂದು ನಮೂದು. ಇಡೀ ಸೈಟನ್ನು ಬಿಡಬೇಕಾದರೆ ‘ಡೊಮೈನ್’ ಎಂಬ ಇಂಗ್ಲಿಷ್ ಪದ, ಕೋಲನ್, ನಡುವೆ ಜಾಗ ಬಿಡದೆ ಸೈಟಿನ ಹೆಸರು. ಗರಿಷ್ಠ 1,00,000 ಸಾಲು, 2 ಎಂಬಿ. ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು ಡೊಮೈನ್ ಮಾದರಿಯ ಪ್ರಾಪರ್ಟಿಯಾಗಿ ನೋಂದಾಯಿಸಿದ್ದರೆ ಈ ಟೂಲ್ ಕೆಲಸ ಮಾಡುವುದಿಲ್ಲ, ಯುಆರ್‌ಎಲ್ ಪ್ರಿಫಿಕ್ಸ್ ಮಾದರಿಯ ಪ್ರಾಪರ್ಟಿ ಬೇಕು. ಅರ್ಧ ದಿನ ಇಲ್ಲೇ ಕಳೆಯುವವರನ್ನು ಕಂಡಿದ್ದೇನೆ. ಹೊಸ ಫೈಲು ಏರಿಸಿದರೆ ಹಳೆಯದು ಪೂರ್ತಿ ಅಳಿಸಿಹೋಗುತ್ತದೆ, ಆದ್ದರಿಂದ ಹಳೆಯದನ್ನು ಇಳಿಸಿಕೊಂಡು ಅದಕ್ಕೇ ಸಾಲು ಸೇರಿಸಿ. ನೋಟಿಸ್ ತೆಗೆಯಿರೆಂದು ಗೂಗಲ್‌ಗೆ ಸಲ್ಲಿಸುವ ಮರುಪರಿಶೀಲನೆಯ ಮನವಿಗೆ ಆ ಶೀಟಿನ ಕೊಂಡಿ ಲಗತ್ತಿಸಿ, ಲಿಂಕ್ ಕೊಂಡದ್ದನ್ನು ನೇರವಾಗಿ ಒಪ್ಪಿಕೊಳ್ಳಿ. ಉತ್ತರಕ್ಕೆ ಕೆಲವು ದಿನಗಳಿಂದ ಕೆಲವು ವಾರ. ನೋಟಿಸ್ ತೆರವಾದರೂ ಹಳೆಯ ಸ್ಥಾನ ಹಾಗೇ ಮರಳುವುದಿಲ್ಲ, ಆ ಸ್ಥಾನವನ್ನು ಹಿಡಿದಿಟ್ಟಿದ್ದ ಲಿಂಕುಗಳೇ ಈಗ ಇಲ್ಲವಲ್ಲ; ಇದನ್ನು ಡಾಕ್ಟರಿಗೆ ಕೆಲಸ ಒಪ್ಪಿಕೊಳ್ಳುವ ದಿನವೇ ಹೇಳಿಬಿಡುತ್ತೇನೆ.