ಮಾವಿನ ಕೊಳೆಗೆ ಬ್ಯಾಸಿಲಸ್: ನನ್ನ ಅನುಭವ

ಬಾದಾಮಿ ಮಾವು ಕೊಯ್ದಾಗ ಒಂದು ಕಲೆಯೂ ಇರುವುದಿಲ್ಲ. ಮಾಗುವ ಹೊತ್ತಿಗೆ ಕಪ್ಪು ಚುಕ್ಕೆ ಎದ್ದು ಕೊಳೆಯುತ್ತದೆ. ಇದು ಚಿಬ್ಬು ರೋಗ. ಕೊಲೆಟೋಟ್ರೈಕಮ್ ಶಿಲೀಂಧ್ರ ಮಿಡಿಯಿದ್ದಾಗಲೇ ಸಿಪ್ಪೆಯೊಳಗೆ ಸೇರಿ ಸುಮ್ಮನಿರುತ್ತದೆ, ಹಣ್ಣಾಗುವಾಗ ಏಳುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಕೆಲಸ ಮಾಡುವುದು ಸಿಪ್ಪೆಯ ಮೇಲೆ ಮತ್ತು ಗಾಯಗಳಲ್ಲಿ: ಜಾಗ ಹಿಡಿಯುತ್ತದೆ, ಇಟುರಿನ್, ಫೆಂಜಿಸಿನ್ ಎಂಬ ವಸ್ತುಗಳನ್ನು ಸ್ರವಿಸಿ ಶಿಲೀಂಧ್ರದ ಕೋಶಪೊರೆ ಹರಿಯುತ್ತದೆ. ಒಳಗೆ ಅಡಗಿರುವುದನ್ನು ಮುಟ್ಟಲು ಅದಕ್ಕಾಗದು. ಅದಕ್ಕೇ ನಾನು ಒಳಗಿನದಕ್ಕೆ ಬಿಸಿನೀರನ್ನೂ ಮೇಲಿನದಕ್ಕೆ ಬ್ಯಾಕ್ಟೀರಿಯಾವನ್ನೂ ಜೋಡಿಯಾಗಿಯೇ ಬಳಸುತ್ತೇನೆ.

1 ಸೆಂ.ಮೀ. ತೊಟ್ಟು ಬಿಟ್ಟು ಕೊಯ್ದು, ಶೆಡ್ಡಿನಲ್ಲಿ ತೊಟ್ಟು ಮುರಿದು, ಕಾಯಿ ಬೋರಲಿಟ್ಟು ಸೊನೆ ಇಳಿಸಿ ತೊಳೆಯುತ್ತೇನೆ. ಅದೇ ದಿನ 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ನಿಮಿಷ. ಕ್ರೇಟು ಇಳಿಸುತ್ತಲೇ ನೀರಿನ ಕಾವು ಬೀಳುತ್ತದೆ, ಗಾಬರಿಯಲ್ಲಿ ಉರಿ ಹೆಚ್ಚಿಸಿದರೆ ಸಿಪ್ಪೆ ಬೇಯುತ್ತದೆ. ಎಳೆಗಾಯಿ ಬೇಗ ಬೇಯುತ್ತದೆ. ಥರ್ಮಾಮೀಟರ್ ಕಾಯಿಗಳ ನಡುವೆ ಇರಲಿ, ಡ್ರಮ್ಮಿನ ಅಂಚಿನಲ್ಲಲ್ಲ.

ಕಾಯಿ ಪೂರ್ತಿ ಆರಿದ ಮೇಲೆಯೇ ಬ್ಯಾಸಿಲಸ್. ಮಿ.ಲೀ.ಗೆ 100 ಕೋಟಿ ಜೀವಕಣಗಳಿರುವ ದ್ರವವನ್ನು ಲೀಟರ್ ನೀರಿಗೆ 10 ಮಿ.ಲೀ. ಬೆರೆಸಿದರೆ ಮಿ.ಲೀ.ಗೆ 1 ಕೋಟಿ ಸಿಗುತ್ತದೆ. ಗ್ರಾಂಗೆ 10 ಕೋಟಿಯ ಟಾಲ್ಕ್ ಪುಡಿಯಲ್ಲಿ ಇಷ್ಟೇ ಬೇಕಾದರೆ ಲೀಟರಿಗೆ 100 ಗ್ರಾಂ ಸುರಿಯಬೇಕು! ಕಾಯಿ ಸುಣ್ಣ ಬಳಿದಂತಾಗುತ್ತದೆ. ಪುಡಿ ಹೊಲಕ್ಕೇ ಇರಲಿ. ಬ್ಲೀಚಿಂಗ್ ಪುಡಿ ಹಾಕಿದ ನೀರು ಬೇಡ, ತಾಮ್ರದ ಔಷಧಿ ಕಲಸಿದ ಡ್ರಮ್ಮೂ ಬೇಡ. ಎರಡೂ ಬ್ಯಾಕ್ಟೀರಿಯಾಕ್ಕೆ ವಿಷ.

5 ನಿಮಿಷ ಮುಳುಗಿಸುತ್ತೇನೆ. ತೊಟ್ಟಿನ ಗುಳಿಯಲ್ಲಿ ಗಾಳಿಗುಳ್ಳೆ ನಿಂತರೆ ದ್ರಾವಣ ಅಲ್ಲಿಗೆ ಹೋಗದು, ತೊಟ್ಟು ಕೊಳೆ ಶುರುವಾಗುವುದೂ ಅಲ್ಲೇ. ಕೈಯಾಡಿಸಿ ಕಾಯಿ ಹೊರಳಿಸಬೇಕು. ಆಮೇಲೆ ಒರೆಸದೆ ನೆರಳಲ್ಲಿ ಫ್ಯಾನಿನ ಕೆಳಗೆ ಒಣಗಿಸಿ. ಹಸಿಯಾಗಿ ತುಂಬಿದರೆ ಇಷ್ಟೆಲ್ಲ ಮಾಡಿದ್ದು ದಂಡ. ಸೊನೆ ಬೆರೆತು ಮಬ್ಬಾದ ದ್ರಾವಣವನ್ನು ಮರುದಿನಕ್ಕೆ ಉಳಿಸುವುದಿಲ್ಲ. ರಾತ್ರಿ ಕಳೆಯುವುದರೊಳಗೆ ಅದರಲ್ಲಿ ಬೇರೆ ಸೂಕ್ಷ್ಮಾಣುಗಳು ಬೆಳೆದಿರುತ್ತವೆ.

ಪ್ರತಿ ಕೊಯ್ಲಿನಲ್ಲೂ ಮೂರು ಕ್ರೇಟು ಬೇರೆ ಇಡುತ್ತೇನೆ: ಏನೂ ಮಾಡದ್ದು, ಬಿಸಿನೀರಿನದ್ದು, ಎರಡೂ ಮಾಡಿದ್ದು. ಕೊನೆಯ ಎರಡರಲ್ಲಿ ಕೊಳೆ ಒಂದೇ ಸಮ ಕಂಡರೆ, ಮೊದಲು ಬಾಟಲಿಯ ಮೇಲಿನ ತಯಾರಿಕೆಯ ದಿನಾಂಕ ನೋಡುತ್ತೇನೆ.