ಕೈ ಜೋಮು ಹಿಡಿದರೆ ಮೊದಲು ಸೀಟು ನೋಡಿ

ಮೂವತ್ತು ನಲವತ್ತು ಕಿಲೋಮೀಟರ್ ಸೈಕಲ್ ತುಳಿದ ಮೇಲೆ ಕಿರುಬೆರಳು ಜೋಮು ಹಿಡಿಯತೊಡಗಿದರೆ ಬಹಳ ಜನ ನೇರವಾಗಿ ಗ್ಲೌಸ್ ಕೊಳ್ಳಲು ಹೊರಡುತ್ತಾರೆ. ದಪ್ಪ ಜೆಲ್ ಇರುವುದನ್ನೇ ಆರಿಸಿ ತರುತ್ತಾರೆ. ಎರಡು ವಾರ ಹಾಯೆನಿಸುತ್ತದೆ, ಆಮೇಲೆ ಮತ್ತೆ ಅದೇ ಪಾಡು. ಅಂಗೈ ಮೇಲೆ ಬೀಳುವ ಭಾರ ಇದ್ದಷ್ಟೇ ಇದೆ, ಮಧ್ಯೆ ಒಂದು ಮೆತ್ತೆ ಬಂದಿದೆ, ಅಷ್ಟೆ. ಆ ಭಾರವನ್ನು ಮುಂದಕ್ಕೆ ತಳ್ಳುತ್ತಿರುವುದು ಹೆಚ್ಚಿನ ಸಲ ಸೀಟು. ಹಾಗಾಗಿ ಸರಿಪಡಿಸುವ ಕೆಲಸ ಹಿಂದಿನಿಂದ ಮುಂದಕ್ಕೆ ಸಾಗಬೇಕು: ಸೀಟು, ಹ್ಯಾಂಡಲ್, ಬ್ರೇಕ್ ಲಿವರ್, ಟೈರಿನ ಗಾಳಿ, ಗ್ರಿಪ್. ಗ್ಲೌಸ್ ಸರದಿ ಕೊನೆಗೆ.

ಯಾವ ಬೆರಳು, ಯಾವ ನರ

ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗ ಜೋಮು ಹಿಡಿದರೆ ಒತ್ತಡ ಬಿದ್ದಿರುವುದು ಅಲ್ನಾರ್ ನರದ ಮೇಲೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಎರಡು ಸಣ್ಣ ಮೂಳೆಗಳ ನಡುವಿನ ಕಿರಿದಾದ ಓಣಿಯಲ್ಲಿ ಅದು ಹಾದುಹೋಗುತ್ತದೆ. ಹ್ಯಾಂಡಲ್ ಒತ್ತುವುದೂ ಸರಿಯಾಗಿ ಅಲ್ಲೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಮೀಡಿಯನ್ ನರ. ಮಣಿಕಟ್ಟನ್ನು ಹಿಂದಕ್ಕೆ ಮಡಿಸಿಕೊಂಡು ಬಹಳ ಹೊತ್ತು ಹಿಡಿದವರಿಗೆ ಇದು ಬರುತ್ತದೆ.

ಸೈಕಲ್ ಇಳಿದು ಕೈ ಕೊಡವಿದ ಐದು ಹತ್ತು ನಿಮಿಷದಲ್ಲಿ ಜೋಮು ಹೋದರೆ ಸೈಕಲ್ ಸರಿಮಾಡಿಕೊಳ್ಳಲು ಇನ್ನೂ ಸಮಯವಿದೆ. ಮರುದಿನವೂ ಉಳಿದರೆ ತುಳಿಯುವುದನ್ನು ನಿಲ್ಲಿಸಿ. ಬೀಗದ ಕೈ ತಿರುಗಿಸಲಾಗದೆ ಹೋದರೆ, ಪೆನ್ ಜಾರಿದರೆ, ಬೆರಳುಗಳನ್ನು ಅಗಲಿಸಲು ಬಲ ಸಾಲದಿದ್ದರೆ ವೈದ್ಯರ ಬಳಿ ಹೋಗಬೇಕು. ಇಲ್ಲೊಂದು ಮೋಸವಿದೆ: ಅಲ್ನಾರ್ ನರದ ಒಳಗವಲಿಗೆ ಮಾತ್ರ ಪೆಟ್ಟಾದರೆ ಜೋಮು ಕಾಣಿಸುವುದೇ ಇಲ್ಲ, ಬಲ ಮಾತ್ರ ಕುಂದುತ್ತದೆ. ನೋವಿಲ್ಲ, ಜೋಮಿಲ್ಲ ಎಂದು ಸುಮ್ಮನಿದ್ದರೆ ಸುಧಾರಿಸಲು ತಿಂಗಳುಗಳೇ ಬೇಕಾದೀತು.

ಸೀಟು

ಏನನ್ನೇ ಅಲುಗಿಸುವ ಮೊದಲು ಈಗಿರುವ ಎತ್ತರ ಮತ್ತು ಜಾಗಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ 20–30 ಕಿ.ಮೀ. ತುಳಿದು ನೋಡುವುದು. ಮೂರನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.

ಸೈಕಲ್ಲನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸೀಟಿನ ಉದ್ದಕ್ಕೂ ಒಂದು ಪುಸ್ತಕವಿಟ್ಟು, ಅದರ ಮೇಲೆ ಫೋನಿನ ಲೆವೆಲ್ ತೆರೆದಿಡಿ. ಸೊನ್ನೆ ಡಿಗ್ರಿಯಿಂದ ಶುರುಮಾಡಿ. ಸೀಟಿನ ಮೂಗು, ಅಂದರೆ ಮುಂದಿನ ತುದಿ, ಒಂದೆರಡು ಡಿಗ್ರಿ ಕೆಳಗಿದ್ದರೆ ತೊಂದರೆಯಿಲ್ಲ; ಐದಾರು ಡಿಗ್ರಿ ಇಳಿದಿದ್ದರೆ ನೀವು ತುಳಿಯುವಷ್ಟು ಹೊತ್ತೂ ಮುಂದಕ್ಕೆ ಜಾರುತ್ತಿರುತ್ತೀರಿ, ಜಾರದಂತೆ ತಡೆಯುವ ಕೆಲಸವೆಲ್ಲ ಅಂಗೈಯದ್ದು. ಸೀಟು ಒತ್ತುತ್ತದೆಂದು ಮೂಗು ಬಗ್ಗಿಸಿಕೊಂಡವರಿಗೇ ಕೈನೋವು ಹೆಚ್ಚು. ಕ್ಲಾಂಪಿನ ಬೋಲ್ಟು ಸಾಮಾನ್ಯವಾಗಿ 5 ಅಥವಾ 6 ಎಂಎಂ ಅಲೆನ್ ಕೀಲಿಯದ್ದು. ಬಿಗಿ ಸಾಲದಿದ್ದರೆ ಮೊದಲ ಗುಂಡಿಯಲ್ಲೇ ಮೂಗು ಮತ್ತೆ ಕೆಳಗೆ ವಾಲುತ್ತದೆ.

ಎತ್ತರ ನೋಡಲು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಕೆಳತುದಿಯಲ್ಲಿದ್ದಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಆಮೇಲೆ ಹಿಂದೆ ಮುಂದೆ. ಹ್ಯಾಂಡಲ್ ದೂರವೆನಿಸಿದಾಗ ಸೀಟನ್ನೇ ಮುಂದಕ್ಕೆ ತಳ್ಳುವುದು ಎಲ್ಲರೂ ಮಾಡುವ ತಪ್ಪು. ಸೊಂಟ ಮುಂದೆ ಬಂದಷ್ಟೂ ಮೈಭಾರ ಕೈಗೆ ಬೀಳುತ್ತದೆ, ಮಂಡಿಯೂ ತಕರಾರು ತೆಗೆಯುತ್ತದೆ. ಪರೀಕ್ಷೆ ಹೀಗೆ: ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡ್) ಮೇಲೆ ಎಂದಿನ ಬಲದಲ್ಲಿ ತುಳಿಯುತ್ತಾ ಎರಡೂ ಅಂಗೈಗಳನ್ನು ಹ್ಯಾಂಡಲಿನಿಂದ ಒಂದಿಂಚು ಎತ್ತಿ. ಐದು ಸೆಕೆಂಡು ಹಾಗೇ ಇರಲಾಗದೆ ಮುಂದಕ್ಕೆ ಮುಗ್ಗರಿಸಿದರೆ ಸೀಟನ್ನು 5 ಎಂಎಂ ಹಿಂದೆ ಸರಿಸಿ ಮತ್ತೆ ನೋಡಿ.

ಹ್ಯಾಂಡಲ್ ಮತ್ತು ಲಿವರ್

ಈಗಲೂ ಮೊಣಕೈ ಸೆಟೆದೇ ಇದ್ದರೆ ಹ್ಯಾಂಡಲ್ ನಿಜಕ್ಕೂ ದೂರವಿದೆ. ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡಾದ ಸ್ಟೆಮ್ಮನ್ನು 10 ಅಥವಾ 20 ಎಂಎಂ ಗಿಡ್ಡದ್ದು ಹಾಕಿಸಿ. ಸ್ಟೆಮ್ ಮೇಲಿರುವ ಸ್ಪೇಸರ್ ಬಳೆಗಳನ್ನು ಅದರ ಕೆಳಗೆ ಸೇರಿಸಿದರೆ ಹ್ಯಾಂಡಲ್ ಅಷ್ಟು ಮೇಲೇರುತ್ತದೆ. ಬಿಚ್ಚುವಾಗ ಮೊದಲು ಪಕ್ಕದ ಎರಡು ಬೋಲ್ಟು, ಆಮೇಲೆ ಮೇಲಿನ ಮುಚ್ಚಳ. ಕೂರಿಸುವಾಗ ಮೊದಲು ಮುಚ್ಚಳದ ಬೋಲ್ಟನ್ನು ಹ್ಯಾಂಡಲ್ ಅಲುಗಾಟ ನಿಲ್ಲುವಷ್ಟು ಮಾತ್ರ ಬಿಗಿದು, ಆಮೇಲೆ ಪಕ್ಕದವು. ಹೆಚ್ಚಿನ ಸ್ಟೆಮ್‌ಗಳ ಮೇಲೆ ಬೋಲ್ಟನ್ನು ಎಷ್ಟು ಬಿಗಿಯಬೇಕೆಂದು 5 ನ್ಯೂಟನ್ ಮೀಟರ್ ಆಸುಪಾಸಿನ ಅಂಕಿ ಮುದ್ರಿಸಿರುತ್ತದೆ, ಅದನ್ನು ಮೀರಬೇಡಿ. ಹಳೆಯ ಕಪ್ಪು ರೋಡ್‌ಸ್ಟರ್ ಸೈಕಲ್ಲಿನವರಿಗೆ ಈ ಗೋಳಿಲ್ಲ. ಅದರ ಹ್ಯಾಂಡಲ್ ಎತ್ತರದಲ್ಲಿ ಹಿಂದಕ್ಕೆ ಬಾಗಿ ಬರುತ್ತದೆ, ಮಣಿಕಟ್ಟು ತಾನಾಗಿ ನೆಟ್ಟಗಿರುತ್ತದೆ.

ಬ್ರೇಕ್ ಲಿವರ್ ವಿಷಯದಲ್ಲಿ ಅಂಗಡಿಯವರ ಅವಸರ ಎದ್ದು ಕಾಣುತ್ತದೆ. ಹೊಸ ಸೈಕಲ್ಲುಗಳಲ್ಲಿ ಲಿವರ್ ನೆಲಕ್ಕೆ ಸಮಾನಾಂತರವಾಗಿ, ಹೇಗೆ ಪೆಟ್ಟಿಗೆಯಿಂದ ಬಂತೋ ಹಾಗೇ ಇರುತ್ತದೆ. ಅದನ್ನು ಹಿಡಿಯಲು ಪ್ರತಿ ಸಲವೂ ಮಣಿಕಟ್ಟು ಹಿಂದಕ್ಕೆ ಮಡಿಯುತ್ತದೆ. ಸೀಟಿನಲ್ಲಿ ಕುಳಿತು ಬೆರಳು ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಲಿವರ್ ಮುಟ್ಟಬೇಕು. ನೇರ ಹ್ಯಾಂಡಲಿನಲ್ಲಿ ಇದು ಸಾಧಾರಣವಾಗಿ 30–45 ಡಿಗ್ರಿ ಕೆಳಕ್ಕೆ ಬರುತ್ತದೆ. ಕ್ಲಾಂಪ್ ಬೋಲ್ಟು 4 ಅಥವಾ 5 ಎಂಎಂ. ಲಿವರ್ ಕೈಗೆ ದೂರವಿದ್ದರೆ ಅದರ ಒಳಮೈಯಲ್ಲಿರುವ ಸಣ್ಣ ಸ್ಕ್ರೂ ತಿರುಗಿಸಿ ಹತ್ತಿರ ತನ್ನಿ. ತೋರುಬೆರಳಿನ ಮೊದಲ ಗಿಣ್ಣು ಅದರ ಮೇಲೆ ಸಲೀಸಾಗಿ ಕೂರಬೇಕು. ಆದರೆ ಪೂರ್ತಿ ಒತ್ತಿದಾಗ ಲಿವರ್ ಗ್ರಿಪ್ಪಿಗೆ ತಾಗಬಾರದು. ಎರಡು ಬೆರಳಿನ ಬ್ರೇಕ್ ಸಾಕು, ಉಳಿದ ಬೆರಳು ಹ್ಯಾಂಡಲ್ ಬಿಡಬಾರದು.

ಇನ್ನು ಬ್ರೇಕ್ ಗಡುಸು. ಮಳೆಗಾಲ ಕಳೆದ ಮೇಲೆ ಕೇಬಲ್ಲಿನ ಹೊರಕವಚದೊಳಗೆ ಕೆಸರು, ತುಕ್ಕು ಸೇರಿ ಬ್ರೇಕ್ ಒತ್ತಲು ದುಪ್ಪಟ್ಟು ಬಲ ಬೇಕಾಗುತ್ತದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ; ಇಂಥ ಬ್ರೇಕಿನಲ್ಲಿ ಅದನ್ನು ಇಳಿದರೆ ಕೆಳಗೆ ತಲುಪುವಷ್ಟರಲ್ಲಿ ಬೆರಳು ಮಡಚಲು ಬರುವುದಿಲ್ಲ. ಒಳತಂತಿ, ಹೊರಕವಚ ಎರಡನ್ನೂ ಬದಲಿಸಿ. ಎಣ್ಣೆ ಬಿಡುವುದು ವಾರದ ಮಟ್ಟಿನ ಉಪಾಯ. ತಂತಿಯ ತುದಿಗೆ ಅಲ್ಯೂಮಿನಿಯಂ ಟೋಪಿ ಹಾಕಿ ಇಕ್ಕಳದಿಂದ ಒತ್ತಿಸಿ. ಬಿಚ್ಚಿಕೊಂಡ ಒಂದು ಎಳೆ ಉಗುರಿನಡಿ ಹೊಕ್ಕರೆ ಹೇಗಿರುತ್ತದೆ ಎಂದು ಹೊಕ್ಕಿಸಿಕೊಂಡವರೇ ಬಲ್ಲರು.

ಗಾಳಿ

ಬೆರಳಲ್ಲಿ ಒತ್ತಿ ಕಲ್ಲಿನಂತಿದ್ದರೇ ಸರಿ ಎಂಬ ನಂಬಿಕೆ ಪಂಕ್ಚರ್ ಅಂಗಡಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಟೈರಿನ ಬದಿಯಲ್ಲಿರುವ ದೊಡ್ಡ ಅಂಕಿ ಗರಿಷ್ಠ ಮಿತಿ, ತುಂಬಬೇಕಾದ ಪ್ರಮಾಣವಲ್ಲ. 70 ಕೆ.ಜಿ. ತೂಗುವವರಿಗೆ 32 ಎಂಎಂ ಟೈರಿನಲ್ಲಿ ಹಿಂದೆ 55–60 ಪಿಎಸ್‌ಐ, ಮುಂದೆ ಅದಕ್ಕಿಂತ ಐದಾರು ಕಡಿಮೆ ಇಟ್ಟು ಶುರುಮಾಡಬಹುದು. ಎರಡಿಂಚಿನ ಟೈರಿಗೆ 35–40 ಸಾಕು. ಹತ್ತು ಪಿಎಸ್‌ಐ ಇಳಿಸಿದರೆ ಅಂಗೈಗೆ ಸಿಗುವ ಆರಾಮ ಸಾವಿರ ರೂಪಾಯಿ ಗ್ಲೌಸಿನಲ್ಲೂ ಸಿಗುವುದಿಲ್ಲ. ಆದರೆ ಟ್ಯೂಬ್ ಇರುವ ಟೈರಿನಲ್ಲಿ ತೀರ ಕಡಿಮೆ ಮಾಡಿದರೆ ಗುಂಡಿಯ ಅಂಚು ತಾಗಿ ರಿಮ್ ಟ್ಯೂಬನ್ನು ಕಚ್ಚುತ್ತದೆ, ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಗ್ರಿಪ್, ಗ್ಲೌಸ್

ರೆಕ್ಕೆಯಂಥ ಅಗಲ ಗ್ರಿಪ್ ಕಿರುಬೆರಳಿನ ಬುಡಕ್ಕೆ ಒಳ್ಳೆಯ ಆಸರೆ, ಸರಿಯಾದ ಕೋನದಲ್ಲಿ ಕೂರಿಸಿದರೆ. ಮೇಲಕ್ಕೆ ತಿರುಗಿದ ರೆಕ್ಕೆ ಮಣಿಕಟ್ಟನ್ನು ಹಿಂದಕ್ಕೆ ತಳ್ಳಿ ಇದ್ದ ನೋವಿಗೆ ಇನ್ನಷ್ಟು ಸೇರಿಸುತ್ತದೆ. ಸಾದಾ ರಬ್ಬರ್ ಗ್ರಿಪ್ ಏರಿಸಲು ಸೋಪು, ಎಣ್ಣೆ ಬಳಸಬೇಡಿ. ಮಲೆನಾಡಿನ ಮಳೆಯಲ್ಲಿ ಅದು ಕೈಯೊಂದಿಗೇ ತಿರುಗಿ ಹ್ಯಾಂಡಲ್ ತಪ್ಪಿಸುತ್ತದೆ. ಸ್ಪಿರಿಟ್ ಬಳಸಿ, ಒಂದು ದಿನ ಒಣಗಲು ಬಿಡಿ. ಹ್ಯಾಂಡಲ್ ತುದಿಯ ಬಿರಡೆ ಬಿದ್ದುಹೋಗಿದ್ದರೆ ಇವತ್ತೇ ಹಾಕಿಸಿ. ಬಿದ್ದಾಗ ಆ ಖಾಲಿ ಕೊಳವೆ ಅಂಗೈಯನ್ನೂ ಹೊಟ್ಟೆಯನ್ನೂ ಬಿಲ್ಲೆಯಾಗಿ ಕೊರೆಯುತ್ತದೆ.

ಗ್ಲೌಸ್ ಅಳತೆಗೆ ಹೆಬ್ಬೆರಳು ಬಿಟ್ಟು ಗಿಣ್ಣುಗಳ ಸುತ್ತ ಟೇಪ್ ಹಿಡಿಯಿರಿ. ಮೆತ್ತೆ ನರದ ಓಣಿಯ ಎರಡೂ ಬದಿಗಿದ್ದು ಮಧ್ಯೆ ಸಂದು ಬಿಟ್ಟಿರಬೇಕು. ಮೂರು ಎಂಎಂ ಮೆತ್ತೆ ಧಾರಾಳ. ಅದಕ್ಕಿಂತ ದಪ್ಪನೆಯದು ಸುಕ್ಕುಗಟ್ಟಿ ಅದೇ ನರವನ್ನು ಒತ್ತುತ್ತದೆ, ಹಿಡಿತವನ್ನೂ ದಪ್ಪವಾಗಿಸಿ ಬೆರಳನ್ನು ದಣಿಸುತ್ತದೆ. ಮಣಿಕಟ್ಟಿನ ಪಟ್ಟಿ ಬಿಗಿಯಾಗಿದ್ದರೂ ಜೋಮು ಬರುತ್ತದೆ. ಬೆವರಿನ ಉಪ್ಪು ಗ್ಲೌಸನ್ನು ಗಡುಸಾಗಿಸುವುದರಿಂದ ವಾರಕ್ಕೊಮ್ಮೆ ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಇಷ್ಟೆಲ್ಲ ಮಾಡಿಯೂ ಕೈಯನ್ನು ಒಂದೇ ಭಂಗಿಯಲ್ಲಿ ಇಟ್ಟರೆ ಜೋಮು ಬಂದೇ ಬರುತ್ತದೆ. ಬ್ರೆವೆ ಎಂಬ, ಕಾಲಮಿತಿಯ ದೂರದ ಸೈಕಲ್ ಸವಾರಿಯಲ್ಲಿ 200 ಕಿ.ಮೀ.ಗೆ 13.5 ಗಂಟೆ ಸಮಯವಿರುತ್ತದೆ. ಅಷ್ಟು ಹೊತ್ತು ನೇರ ಹ್ಯಾಂಡಲ್ ಹಿಡಿಯುವವರು ತುದಿಗೆ ಕೊಂಬಿನಂತೆ ಮುಂದಕ್ಕೆ ಚಾಚಿದ ಹಿಡಿಗಳನ್ನು ಹಾಕಿಸಿಕೊಳ್ಳಲಿ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಹಂಪ್ ಬಂದಾಗ ಸೀಟಿನಿಂದ ಸ್ವಲ್ಪ ಎದ್ದು, ಮೊಣಕೈ ಸಡಿಲಿಸಿ, ಹೆಬ್ಬೆರಳು ಹ್ಯಾಂಡಲಿನ ಕೆಳಗೇ ಸುತ್ತಿಕೊಂಡಿರಲಿ. ಐದೂ ಬೆರಳನ್ನು ಮೇಲಿಟ್ಟು ಸಾಗುವವರ ಕೈ ಮೊದಲ ಗುಂಡಿಯಲ್ಲೇ ಜಾರುತ್ತದೆ.

ಬಿದ್ದಾಗ

ಬೀಳುವಾಗ ಕೈ ಚಾಚುವುದು ಸಹಜ. ಪೆಟ್ಟು ಅಂಗೈಗೂ ಮಣಿಕಟ್ಟಿಗೂ. ಮೊದಲ ಕೆಲಸ, ಊತ ಏರುವ ಮುನ್ನ ಉಂಗುರ ತೆಗೆಯುವುದು. ತುಳಿಯಲು ಹೊರಡುವಾಗಲೇ ಮನೆಯಲ್ಲಿ ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ತರಚು ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಾಕಿ, ಹತ್ತು ನಿಮಿಷ ತೊಳೆಯಿರಿ. ಒಳಗೆ ಉಳಿದ ಮರಳನ್ನು ಚಿಮಟದಿಂದ ತೆಗೆಯಬೇಕು, ಇಲ್ಲದಿದ್ದರೆ ಕಪ್ಪು ಕಲೆಯಾಗಿ ಚರ್ಮದಡಿ ಕೂತುಬಿಡುತ್ತದೆ. ಕಾಫಿಪುಡಿ, ಟೂತ್‌ಪೇಸ್ಟ್ ಮೆತ್ತಬೇಡಿ. ರಸ್ತೆಯ ಮಣ್ಣು ಸೇರಿದ ಗಾಯಕ್ಕೆ, ಕೊನೆಯ ಧನುರ್ವಾಯು ಚುಚ್ಚುಮದ್ದು ಐದು ವರ್ಷಕ್ಕಿಂತ ಹಳೆಯದಾಗಿದ್ದರೆ, ಇನ್ನೊಂದು ಬೇಕು.

ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಒಂದು ಸಣ್ಣ ಕುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿ ನೋಡಿ. ನೋವಿದ್ದರೆ ಅಲ್ಲಿರುವ ಸ್ಕ್ಯಾಫಾಯ್ಡ್ ಎಂಬ ಸಣ್ಣ ಮೂಳೆ ಮುರಿದಿರಬಹುದು. ಊತ ಹೆಚ್ಚಿರುವುದಿಲ್ಲ, ಮೊದಲ ದಿನದ ಎಕ್ಸ್‌ರೇಯಲ್ಲೂ ಬಿರುಕು ಕಾಣದಿರಬಹುದು. ಅದಕ್ಕೇ ವೈದ್ಯರು ಪಟ್ಟಿ ಹಾಕಿ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ. ಆ ಮೂಳೆಗೆ ರಕ್ತ ಹೋಗುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ. ಮಧ್ಯೆ ಮುರಿದರೆ ಮಣಿಕಟ್ಟಿನ ಕಡೆಯ ತುಂಡಿಗೆ ರಕ್ತ ನಿಂತು ಮೂಳೆ ಕೂಡದೆ ಉಳಿಯಬಹುದು. ಉಳುಕೆಂದುಕೊಂಡು ಎಣ್ಣೆ ಹಚ್ಚಿ ನೀವಿಸಿಕೊಳ್ಳುವುದು ಇಲ್ಲಿ ದುಬಾರಿಯಾಗುತ್ತದೆ.

ರಿಪೇರಿ ಮಾಡುವಾಗ

ತಿರುಗುವ ಡಿಸ್ಕ್ ಬ್ರೇಕಿನ ತೂತುಗಳು ಬೆರಳ ತುದಿಯನ್ನೇ ಕತ್ತರಿಸಬಲ್ಲವು. ನಂದಿ ಬೆಟ್ಟ ಇಳಿದ ಕೂಡಲೇ ಅದನ್ನು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಪೆಡಲ್ ಬಿಚ್ಚುವಾಗ ಸರಪಳಿಯನ್ನು ಮುಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಹಾಕಿಟ್ಟರೆ, ಸ್ಪ್ಯಾನರ್ ಜಾರಿದಾಗ ಗಿಣ್ಣು ಬರಿಯ ಹಲ್ಲಿಗೆ ಬಡಿಯುವುದಿಲ್ಲ. ಸರಪಳಿ ಒರೆಸುವಾಗ ಕೆಳಗಿನ ಸಾಲನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ. ಹಿಂದಕ್ಕೂ ಕಚ್ಚಿಕೊಂಡೇ ತಿರುಗುವ ಫಿಕ್ಸಿ ಸೈಕಲ್ಲಿನಲ್ಲಿ ಚಕ್ರ ನಿಲ್ಲಿಸಿ, ತುಸು ತುಸುವೇ ಒರೆಸಬೇಕು.

ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಪೆಡಲ್ ತಿರುಗಿಸುವುದು ಮಕ್ಕಳ ಮೆಚ್ಚಿನ ಆಟ, ಸರಪಳಿಗೆ ಬೆರಳು ಸಿಕ್ಕುವುದೂ ಆಗಲೇ. ಸಿಕ್ಕಿದಾಗ ಕೈ ಎಳೆಯಬೇಡಿ, ಪೆಡಲ್ ಮುಂದಕ್ಕೆ ತಿರುಗಿಸಬೇಡಿ. ಗೇರ್ ಇಲ್ಲದ ಸೈಕಲ್ಲಾದರೆ ಹಿಂಚಕ್ರದ ಎರಡೂ ನಟ್ಟುಗಳನ್ನು, ಸಾಮಾನ್ಯವಾಗಿ 15 ಎಂಎಂ, ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿ. ಸರಪಳಿ ಜೋತು ಬಿದ್ದ ಮೇಲೆ ಹಲ್ಲುಚಕ್ರದ ಮೇಲಿಂದ ಅದನ್ನೇ ಎತ್ತಿ ಬೆರಳು ಬಿಡಿಸಿ.