ಹೆಂಚಿನ ಮನೆಯ ಚಾವಡಿಗೆ ಹಗಲ ಬೆಳಕು ತರುವ ಕ್ರಮ

ಉಡುಪಿ ಸುತ್ತಮುತ್ತಲ ಹಳೆಯ ಹೆಂಚಿನ ಮನೆಗಳಲ್ಲಿ ಕಿರುಚಿತ್ರ ತೆಗೆಯುವವರಿಗೆ ಮೊದಲು ಎದುರಾಗುವುದು ಅಂಗಳದ ಕಣ್ಣು ಕುಕ್ಕುವ ಬಿಸಿಲು, ಚಾವಡಿಯ ಕತ್ತಲು. ಎಲ್‌ಇಡಿಯನ್ನು ಮುಖಕ್ಕೆ ನೇರ ಹಿಡಿದರೆ ಗೋಡೆಯ ಮೇಲೆ ಗಡುಸು ನೆರಳು ಬಿದ್ದು ಮನೆಯ ಸ್ವಭಾವವೇ ಕೆಡುತ್ತದೆ. ಇದಕ್ಕೆ ಪರಿಹಾರ ಹಿರಿಯ ಛಾಯಾಗ್ರಾಹಕರ ಕೆಲಸದಲ್ಲೇ ಇದೆ.

1893ರಲ್ಲಿ ಎಡಿಸನ್ ಕಟ್ಟಿಸಿದ ಸ್ಟುಡಿಯೊದ ಮಾಡು ತೆರೆಯುತ್ತಿತ್ತು, ಬಿಸಿಲು ಹಿಡಿಯಲು ಇಡೀ ಕಟ್ಟಡ ತಿರುಗುತ್ತಿತ್ತು. ಮುಂದೆ ಪಾದರಸದ ದೀಪ, ಕಾರ್ಬನ್ ಆರ್ಕ್ ದೀಪ, ಟಂಗ್‌ಸ್ಟನ್ ತಂತಿಯ ದೀಪ ಬಂದವು. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು 1956ರ ಸತ್ಯಜಿತ್ ರೇ ಅವರ ಬಂಗಾಳಿ ಚಿತ್ರ ‘ಅಪರಾಜಿತೊ’. ಸ್ಟುಡಿಯೊದಲ್ಲಿ ಹಾಕಿದ ಕಾಶಿಯ ಮನೆಯ ಅಂಗಳದ ಮೇಲೆ ಛಾಯಾಗ್ರಾಹಕ ಸುಬ್ರತ ಮಿತ್ರ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಅದಕ್ಕೆ ಹಾಯಿಸಿ, ತಿರುಗಿ ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ತೆರೆದ ಆಕಾಶದಿಂದ ಇಳಿದಂಥ ಮೆದು ಬೆಳಕು ಅದು.

ಚಾವಡಿಗೂ ಇದೇ ಸಾಕು. 8 ಅಡಿ ಚೌಕದ ದಪ್ಪ ಬಿಳಿ ಹತ್ತಿ ಬಟ್ಟೆಯನ್ನು ಅಂಗಳದ ಬದಿಯಲ್ಲಿ, ಫ್ರೇಮಿನ ಹೊರಗೆ, ತಲೆಗಿಂತ ಎತ್ತರದಲ್ಲಿ ಓರೆಯಾಗಿ ಬಿಗಿಯಿರಿ. ತೆಳು ಬಟ್ಟೆಯಾದರೆ ಅರ್ಧ ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. 300 ವ್ಯಾಟ್ ಎಲ್‌ಇಡಿಯನ್ನು 5600 ಕೆಲ್ವಿನ್‌ಗೆ, ಅಂದರೆ ಹಗಲ ಬೆಳಕಿನ ಬಣ್ಣಕ್ಕೆ, ಇಟ್ಟು ಬಟ್ಟೆಗೆ ಹಾಯಿಸಿ. ಬಟ್ಟೆಯಿಡೀ ಬೆಳಗಬೇಕು, ನಡುವೆ ಮಾತ್ರ ಬಿದ್ದರೆ ಬಟ್ಟೆ ಎಷ್ಟು ದೊಡ್ಡದಿದ್ದರೂ ನೆರಳು ಮೆದುವಾಗದು. ಹೆಂಚಿನ ಮಾಡಿಗೇ ಬೆಳಕು ಹೊಡೆಯಲು ಹೋಗಬೇಡಿ. ಹೆಂಚೂ ಕೆಂಪು, ನೆಲವೂ ಕೆಂಪು, ಮುಖಕ್ಕೂ ಅದೇ ಬಣ್ಣ ಹತ್ತುತ್ತದೆ. ಗಲ್ಲದ ಅಡಿಯಲ್ಲಿ ಕೆಂಪು ಕಂಡರೆ ಫ್ರೇಮಿಗೆ ಬಾರದ ನೆಲಕ್ಕೆ ಕಪ್ಪು ಬಟ್ಟೆ ಹಾಸಿ.

ಬಿಸಿಲುಕೋಲು ಬೇಕಿದ್ದರೆ ಕನ್ನಡಿಯೇ ಸರಿ. 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ಗಾಗಿ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕನ್ನಡಿಗಳಿಂದ ಬಿಸಿಲನ್ನೇ ಸ್ಟುಡಿಯೊದೊಳಗೆ ತಂದರು. ನೀವು ಅಂಗಳದಲ್ಲಿ 2x3 ಅಡಿಯ ಒಂದು ಕನ್ನಡಿ, ಬಾಗಿಲ ಬಳಿ ಇನ್ನೊಂದು ಇಡಿ; ಮೊದಲನೆಯದು ಬಿಸಿಲನ್ನು ಎರಡನೆಯದಕ್ಕೆ ಹಾಯಿಸಲಿ, ಅದು ಒಳಗೆ ತಿರುಗಿಸಲಿ. ಎರಡನ್ನೂ ಗಟ್ಟಿ ಹಲಗೆಗೆ ಕಟ್ಟಿ. ಕನ್ನಡಿ ಬಾಗಿದರೆ ಬೆಳಕಿನ ಅಂಚು ಚದರುತ್ತದೆ. ಸೂರ್ಯ 4 ನಿಮಿಷಕ್ಕೆ ಸುಮಾರು 1 ಡಿಗ್ರಿ ಸರಿಯುತ್ತಾನೆ, ಅಷ್ಟಕ್ಕೇ 10 ಮೀಟರ್ ದೂರದ ಬೆಳಕು ಹೆಚ್ಚುಕಡಿಮೆ 17 ಸೆಂಟಿಮೀಟರ್ ಜಾರುತ್ತದೆ. ಹಾಗಾಗಿ ಅಂಗಳದ ಕನ್ನಡಿಯ ಬಳಿ ಒಬ್ಬರು ನಿಂತೇ ಇರಬೇಕು. ಪ್ರತಿ ಟೇಕಿಗೂ ಮುನ್ನ ಅದೊಂದನ್ನೇ ತಿರುಗಿಸಿದರೆ ಸಾಕು. ಕೋಲು ಎದ್ದು ಕಾಣಲು ಹಿನ್ನೆಲೆ ಕತ್ತಲಿರಬೇಕು, ತೆಳುವಾಗಿ ಧೂಪದ ಹೊಗೆ ಹರಡಿರಬೇಕು. ಹೊಗೆ ಹೆಚ್ಚಾದರೆ ಇಡೀ ಚಿತ್ರ ಮಸುಕಾಗುತ್ತದೆ.

ಹಳೆಯ ಮನೆಯ 5 ಆಂಪಿಯರ್ ಪ್ಲಗ್ಗಿಗೆ 230 ವೋಲ್ಟ್‌ನಲ್ಲಿ 1150 ವ್ಯಾಟ್ ಮಿತಿ. 2 ಕಿಲೊವ್ಯಾಟ್ ಟಂಗ್‌ಸ್ಟನ್ ದೀಪವನ್ನು ಅದಕ್ಕೆ ಸಿಕ್ಕಿಸಲೇಬಾರದು, ತಂತಿ ಕಾಯುತ್ತದೆ. ಮನೆಯ ಬಲ್ಬುಗಳೂ ಫ್ರೇಮಿನಲ್ಲಿದ್ದರೆ ಕ್ಯಾಮೆರಾದ ಶಟರ್ 1/50 ಸೆಕೆಂಡಿಗೆ ಇಡಿ, ಮಿನುಗು ಕಾಣದು. ಮಳೆಗಾಲದಲ್ಲಿ ಬಿಸಿಲು ಬಿದ್ದ ಕೂಡಲೇ ಕನ್ನಡಿಯ ಶಾಟ್‌ಗಳನ್ನು ಮುಗಿಸಿಬಿಡಿ, ಬಟ್ಟೆಯವು ಮೋಡ ಕವಿದ ಮೇಲೂ ಆಗುತ್ತವೆ.